ಗಾಯ ಮಾಯದ ಮರಗಳು

ತೆಂಗಿನ ಮರದ ಕಾಂಡವನ್ನು ಹತ್ತಿರ ನಿಂತು ನೋಡಿದ್ದೀರಾ ಮಕ್ಕಳೇ? ಬುಡದಿಂದ ತಲೆಯವರೆಗೆ ಬಳೆ ತೊಡಿಸಿದ ಹಾಗೆ ಗೆರೆಗಳಿರುತ್ತವೆ. ಒಂದು ಕಾಲದಲ್ಲಿ ಅಲ್ಲೊಂದು ಗರಿ ಇತ್ತು, ಬಲಿತು ಒಣಗಿ ಬಿತ್ತು ಎಂಬುದಕ್ಕೆ ಒಂದೊಂದು ಗೆರೆಯೂ ಗುರುತು. ಚೆನ್ನಾಗಿ ಸಾಕಿದ ತೆಂಗು ವರ್ಷಕ್ಕೆ 12ರಿಂದ 14 ಗರಿ ಬಿಡುತ್ತದೆ. ಅಡಿಕೆ ಮರವಾದರೆ ಆರೋ ಏಳೋ. ಗೆರೆ ಎಣಿಸಿ ಭಾಗಿಸಿದರೆ ಮರದ ವಯಸ್ಸು ಹೆಚ್ಚುಕಡಿಮೆ ಸಿಕ್ಕಿಬಿಡುತ್ತದೆ. ಬುಡದ ಹತ್ತಿರದ ಗೆರೆಗಳು ಅಳಿಸಿಹೋಗಿರುತ್ತವೆ, ಅದಕ್ಕೆ ನಾಲ್ಕಾರು ವರ್ಷ ಸೇರಿಸಿಕೊಳ್ಳಿ.

ಗೆರೆಗಳ ನಡುವಿನ ಅಂತರವನ್ನೂ ನೋಡಿ. ನೀರು ಗೊಬ್ಬರ ಸಾಕಷ್ಟು ಸಿಕ್ಕ ವರ್ಷಗಳಲ್ಲಿ ಅವು ಬಿಡಿ ಬಿಡಿಯಾಗಿರುತ್ತವೆ, ಬರಗಾಲದ ವರ್ಷಗಳಲ್ಲಿ ಒತ್ತೊತ್ತಾಗಿರುತ್ತವೆ. ಬರ ಜೋರಾಗಿದ್ದರೆ ಕಾಂಡವೇ ಅಲ್ಲಿ ಸೊಂಟ ಕಟ್ಟಿದ ಹಾಗೆ ಸಣ್ಣಗಾಗಿರುತ್ತದೆ. ಬ್ಯಾಂಕಿನಲ್ಲಿ ಮೂವತ್ತಾರು ವರ್ಷ ಲೆಡ್ಜರ್ ಬರೆದ ನನಗೆ ತೆಂಗಿನ ಕಾಂಡ ಪಾಸ್‌ಬುಕ್ಕಿನ ಹಾಗೆಯೇ ಕಾಣುತ್ತದೆ. ಬರೆದದ್ದನ್ನು ಅಳಿಸುವಂತಿಲ್ಲ, ತಿದ್ದುವಂತಿಲ್ಲ.

ತಿದ್ದುವಂತಿಲ್ಲ ಎಂದದ್ದು ಬರೀ ಮಾತಿಗಲ್ಲ. ಮಾವಿನ ಮರಕ್ಕೋ ಹಲಸಿನ ಮರಕ್ಕೋ ಕತ್ತಿ ತಗುಲಿದರೆ ನಾಲ್ಕೈದು ವರ್ಷದಲ್ಲಿ ಸುತ್ತಲಿನ ತೊಗಟೆ ಬೆಳೆದು ಗಾಯ ಮುಚ್ಚಿಕೊಳ್ಳುತ್ತದೆ. ಆ ಮರಗಳಲ್ಲಿ ತೊಗಟೆಯ ಕೆಳಗೆ ಹೊಸ ಮರವನ್ನು ಹುಟ್ಟಿಸುವ ಒಂದು ತೆಳ್ಳನೆಯ ಪದರ ಇರುತ್ತದೆ. ತೆಂಗು, ಅಡಿಕೆ, ಈಚಲು, ಬೈನೆ, ಒಟ್ಟಾರೆ ತಾಳೆ ಜಾತಿಯ ಮರಗಳಲ್ಲಿ ಆ ಪದರವೇ ಇಲ್ಲ. ಹತ್ತಲು ಅನುಕೂಲವಾಗಲೆಂದು ಕೆಲವು ಕಡೆ ತೆಂಗಿನ ಮರಕ್ಕೆ ಮೆಟ್ಟಿಲಿನಂತೆ ಕಚ್ಚು ಹಾಕಿರುತ್ತಾರಲ್ಲ, ಅಜ್ಜನ ಕಾಲದ ಆ ಕಚ್ಚು ಮೊಮ್ಮಗನ ಕಾಲಕ್ಕೂ ಹಾಗೇ ಇರುತ್ತದೆ. ಇನ್ನೊಂದು ಕಷ್ಟವೆಂದರೆ ಇವಕ್ಕೆ ಇರುವುದು ಒಂದೇ ಸುಳಿ. ಮಾವಿನ ಕೊಂಬೆ ಮುರಿದರೆ ಬೇರೆಡೆ ಚಿಗುರುತ್ತದೆ, ಬಾಳೆ ಬಿದ್ದರೆ ಪಕ್ಕದಲ್ಲಿ ಕಂದು ಏಳುತ್ತದೆ. ತೆಂಗಿನ ಸುಳಿ ಸಿಡಿಲಿಗೋ ಕೊಳೆತಕ್ಕೋ ಸತ್ತರೆ ಮರದ ಕಥೆ ಮುಗಿಯಿತು. ಬಿಸಿಲು, ಮಳೆ, ಗಾಳಿ ಮೊದಲಿನ ಅಳತೆ ಮೀರಿ ಬರುತ್ತಿರುವ ಈ ದಿನಗಳಲ್ಲಿ ತೋಟದವರು ಯಾಕೆ ಅಷ್ಟು ಚಿಂತೆ ಮಾಡುತ್ತಾರೆ ಎಂಬುದು ಇದರಿಂದ ಗೊತ್ತಾದೀತು.

ಪೆಟ್ಟು ಬಿದ್ದದ್ದು ಕೂಡಲೇ ಕಾಣುವುದೂ ಇಲ್ಲ. ತಿಪಟೂರು ಕಡೆಯ ಒಂದು ಶಾಖೆಯಲ್ಲಿ ನಾನು ಕೆಲಸ ಮಾಡುತ್ತಿದ್ದಾಗ ಒಬ್ಬ ಹಿರಿಯ ರೈತರು ಸಾಲದ ಕಂತು ಮುಂದಕ್ಕೆ ಹಾಕಿಕೊಡಿ ಎಂದು ಬಂದಿದ್ದರು. ಆ ವರ್ಷ ಮಳೆ ಚೆನ್ನಾಗಿಯೇ ಆಗಿತ್ತು. ಮೇಲಿನಿಂದ ಬಂದಿದ್ದ ಅಧಿಕಾರಿಯೊಬ್ಬರು, "ಏನ್ರೀ ಯಜಮಾನರೇ, ಕೆರೆ ಕೋಡಿ ಬಿದ್ದಿದೆ, ಕಾಯಿ ಇಲ್ಲ ಅಂತೀರಲ್ಲ?" ಎಂದರು. ರೈತರು ಸಮಾಧಾನವಾಗಿ, "ಸ್ವಾಮಿ, ಮಳೆ ಬಂದಿದ್ದು ಈ ವರ್ಷ. ಈಗಿನ ಕಾಯಿ ಹೋಗಿದ್ದು ಹೋದ ವರ್ಷದ ಹಿಂದಿನ ವರ್ಷ" ಎಂದರು. ಅಧಿಕಾರಿಗೆ ಅದು ಕುಂಟುನೆಪದಂತೆ ಕೇಳಿಸಿತು. ಕಂತು ಮುಂದಕ್ಕೆ ಹೋಗಲಿಲ್ಲ.

ರೈತರು ಹೇಳಿದ್ದು ನೂರಕ್ಕೆ ನೂರು ಸರಿ. ತೆಂಗಿನ ಸುಳಿಯೊಳಗೆ ಹೊಂಬಾಳೆಯ ಕಣ್ಣು ಮೂಡಿದ ದಿನದಿಂದ ಅದು ಹೊರಬಂದು ಬಿರಿಯಲು ಸುಮಾರು 32 ತಿಂಗಳು ಬೇಕು. ಆಮೇಲೆ ಕಾಯಿ ಬಲಿಯಲು ಇನ್ನೊಂದು 12 ತಿಂಗಳು. ಒಟ್ಟು 44 ತಿಂಗಳು, ಅಂದರೆ ಮೂರೂಮುಕ್ಕಾಲು ವರ್ಷದ ಹತ್ತಿರ. ಈ ನಡುವೆ ಯಾವ ಬೇಸಿಗೆಯಲ್ಲಿ ಮರ ಬಾಯಾರಿ ನಿಂತರೂ ಅದರ ಖರ್ಚು ಮುಂದೊಂದು ವರ್ಷದ ಖಾತೆಗೆ ಬೀಳುತ್ತದೆ. ಹರಳು ಉದುರುವುದು ಮಾತ್ರ ಕೂಡಲೇ ಕಣ್ಣಿಗೆ ಬೀಳುವ ನಷ್ಟ. ಸುಳಿಯೊಳಗೆ ಕಮರಿದ ಹೊಂಬಾಳೆಯನ್ನು ಯಾರು ನೋಡಬೇಕು? 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಸರ್ಕಾರ ಘೋಷಿಸಿತ್ತು. ಅದರ ಬೆನ್ನಿಗೇ ಬಂದ 2024ರ ಬೇಸಿಗೆಯಲ್ಲಿ, ಏಪ್ರಿಲ್ 28ರಂದು, ತಂಪಿನ ಊರೆಂದು ಹೆಸರಾದ ಬೆಂಗಳೂರಿನಲ್ಲೇ 38.5 ಡಿಗ್ರಿ ಬಿಸಿಲಿತ್ತು. ಆ ಎರಡು ವರ್ಷದ ಬಾಕಿಯನ್ನು ಮರಗಳು ಒಂದೇ ಮಳೆಗೆ ತೀರಿಸುವುದಿಲ್ಲ.

ಇನ್ನು ಅಡಿಕೆಯ ವಿಷಯ. ಅಡಿಕೆ ನೋಡಲು ಎತ್ತರದ ಮರವಾದರೂ ಸ್ವಭಾವದಲ್ಲಿ ಕೂಸು. 14ರಿಂದ 36 ಡಿಗ್ರಿಯವರೆಗಿನ ಹವೆ ಅದಕ್ಕೆ ಹಿತ. ತಲೆಯ ಮೇಲೆ ಬಿಸಿಲು ಬೇಕು, ಮೈಮೇಲೆ ಬಿಸಿಲು ಬೀಳಬಾರದು. ಮಳೆಗಾಲ ಮುಗಿದ ಮೇಲೆ ಸೂರ್ಯ ದಕ್ಷಿಣಕ್ಕೆ ವಾಲುತ್ತಾನಲ್ಲ, ಆಗ ಮಧ್ಯಾಹ್ನದ ನಂತರದ ಓರೆ ಬಿಸಿಲು ನೈಋತ್ಯ ದಿಕ್ಕಿನಿಂದ ನೇರ ಕಾಂಡಕ್ಕೇ ಬಡಿಯುತ್ತದೆ. ಹಸಿರು ಕಾಂಡದ ಮೇಲೆ ಮೊದಲು ಹೊಂಬಣ್ಣದ ಮಚ್ಚೆ ಬರುತ್ತದೆ, ಆಮೇಲೆ ಅದು ಕಂದಾಗುತ್ತದೆ, ಕೊನೆಗೆ ಸೀಳುತ್ತದೆ. ಗಾಯ ಮಾಯದ ಜಾತಿ ಎಂದು ಹೇಳಿದೆನಲ್ಲ. ಸೀಳು ಹಾಗೇ ಉಳಿದು, ಒಂದೆರಡು ವರ್ಷ ಬಿಟ್ಟು ಮಳೆಗಾಲದ ಗಾಳಿ ಬೀಸಿದಾಗ ಮರ ಸರಿಯಾಗಿ ಅಲ್ಲಿಯೇ ಮುರಿಯುತ್ತದೆ. ಜನ ಗಾಳಿಯನ್ನು ಬೈಯುತ್ತಾರೆ. ಕೊಂದದ್ದು ಬಿಸಿಲು.

ತೀರ್ಥಹಳ್ಳಿ ಕಡೆಯ ನನ್ನ ಸ್ನೇಹಿತರೊಬ್ಬರ ತೋಟದಲ್ಲಿ ಹೀಗೇ ಆಯಿತು. ರಸ್ತೆ ಅಗಲ ಮಾಡುವಾಗ ತೋಟದ ಪಡುವಣ ಅಂಚಿನ ಹೆಮ್ಮರಗಳನ್ನು ಕಡಿದರು. ಅದಾಗಿ ಎರಡನೇ ಮಳೆಗಾಲಕ್ಕೆ ಹೊರಸಾಲಿನ ಹದಿನೇಳು ಅಡಿಕೆ ಮರ ಒಂದೇ ವಾರದಲ್ಲಿ ಉರುಳಿದವು. ಹೆಮ್ಮರಗಳಿಗೆ ಪರಿಹಾರದ ಲೆಕ್ಕವಿತ್ತು. ಅವುಗಳ ನೆರಳಿಗೆ ಲೆಕ್ಕ ಬರೆಯುವವರು ಯಾರೂ ಇರಲಿಲ್ಲ.

ನಮ್ಮ ಹಿಂದಿನವರಿಗೆ ಇದೆಲ್ಲ ಗೊತ್ತಿತ್ತು. ಹೊರಸಾಲಿನ ಎಳೆ ಮರಗಳಿಗೆ ಅಡಿಕೆಯ ಸೋಗೆಯನ್ನೇ ಸುತ್ತಿ ಕಟ್ಟುತ್ತಿದ್ದರು. ಈಗ ಕಾಂಡಕ್ಕೆ ಸುಣ್ಣ ಬಳಿಯುವವರೂ ಇದ್ದಾರೆ. ಬೆಳ್ಳಗಿದ್ದರೆ ಬಿಸಿಲು ಹಿಂದಕ್ಕೆ ಹೋಗುತ್ತದೆ ಎಂಬುದು ನಿಮ್ಮ ವಿಜ್ಞಾನದ ಪಾಠದಲ್ಲೂ ಇದೆ. ಹೊಸ ತೋಟ ಹಾಕುವವರಿಗೆ ಕೃಷಿ ವಿಜ್ಞಾನಿಗಳು ಇನ್ನೊಂದು ಉಪಾಯ ಹೇಳುತ್ತಾರೆ. ಗಿಡದಿಂದ ಗಿಡಕ್ಕೆ 2.7 ಮೀಟರ್, ಅಂದರೆ ಸುಮಾರು ಒಂಬತ್ತಡಿ ಅಂತರವಿರಲಿ. ಆದರೆ ಸಾಲನ್ನು ನೇರ ಉತ್ತರ-ದಕ್ಷಿಣಕ್ಕೆ ಎಳೆಯದೆ, ಉತ್ತರದ ತುದಿಯನ್ನು ಪಶ್ಚಿಮದ ಕಡೆಗೆ 35 ಡಿಗ್ರಿ ತಿರುಗಿಸಬೇಕು. ಆಗ ಓರೆ ಬಿಸಿಲಿನ ಹೊತ್ತಿನಲ್ಲಿ ಒಂದು ಮರದ ನೆರಳು ಇನ್ನೊಂದರ ಕಾಂಡದ ಮೇಲೆ ಬೀಳುತ್ತದೆ. ನಂಬಿಕೆ ಬರದಿದ್ದರೆ ಮೇಜಿನ ಮೇಲೆ ಜೇಡಿಮಣ್ಣಿನಲ್ಲಿ ಒಂಬತ್ತು ಪೆನ್ಸಿಲ್ ಚೌಕವಾಗಿ ನಿಲ್ಲಿಸಿ, ಒಂದು ಪಕ್ಕದಿಂದ ಟಾರ್ಚ್ ಬಿಟ್ಟು, ಚೌಕವನ್ನು ನಿಧಾನವಾಗಿ ತಿರುಗಿಸಿ ನೋಡಿ.

ಬಿಸಿಲಿನದು ಹೀಗಾದರೆ ಮಳೆಯದು ಇನ್ನೊಂದು ಬಗೆ. ಮಲೆನಾಡು, ಕರಾವಳಿಯವರಿಗೆ ಕೊಳೆರೋಗ ಎಂದರೆ ವಿವರಿಸಬೇಕಾಗಿಲ್ಲ. ದಿನಗಟ್ಟಲೆ ಬಿಡದೆ ಮಳೆ, ಮಧ್ಯೆ ಮಧ್ಯೆ ಎಳೆಬಿಸಿಲು, 20ರಿಂದ 23 ಡಿಗ್ರಿಯ ತಂಪು, ಇಷ್ಟಾದರೆ ಸಾಕು, ಎಳೆಯ ಅಡಿಕೆಕಾಯಿ ಕೊಳೆತು ಬಿಳಿ ಬೂಷ್ಟು ಹಿಡಿದು ಉದುರಿ ಬುಡದಲ್ಲಿ ಹಾಸಿದಂತಾಗುತ್ತದೆ. 2018ರ ಆ ಭಾರಿ ಮಳೆಗಾಲದಲ್ಲಿ ದಕ್ಷಿಣ ಕನ್ನಡದ ಎಷ್ಟೋ ತೋಟಗಳಲ್ಲಿ ಕೊಯ್ಯಲು ಗೊನೆಯೇ ಇರಲಿಲ್ಲ. ಇದನ್ನು ತರುವ ಜೀವಿಯ ಕುಲದ ಹೆಸರು ಫೈಟಾಫ್ತೊರ. ಗ್ರೀಕ್ ಭಾಷೆಯಲ್ಲಿ 'ಗಿಡ ಕೊಲ್ಲುವುದು' ಎಂದರ್ಥ. 1845ರಿಂದ ಐರ್ಲೆಂಡಿನಲ್ಲಿ ಆಲೂಗಡ್ಡೆಯನ್ನು ಕೊಳೆಸಿ ದೊಡ್ಡ ಕ್ಷಾಮಕ್ಕೆ ಕಾರಣವಾದದ್ದು ಇದರ ದಾಯಾದಿಯೇ. ಇದರ ಬೀಜಕಣಗಳಿಗೆ ಬಾಲವಿದೆ, ನೀರಿನಲ್ಲಿ ಈಜುತ್ತವೆ! ಆದ್ದರಿಂದಲೇ ಮಳೆ ಬಿಡದಿದ್ದರೆ ಅವಕ್ಕೆ ಹಬ್ಬ. ಅಂದ ಹಾಗೆ, 'ಕೊಳೆರೋಗ' ಎಂಬ ನಮ್ಮ ಕನ್ನಡ ಪದವೇ ಇಂಗ್ಲಿಷಿನ ಸಸ್ಯರೋಗದ ಪುಸ್ತಕಗಳಲ್ಲೂ ಹಾಗೆಯೇ ಅಚ್ಚಾಗಿದೆ.

ಈ ರೋಗಕ್ಕೆ ಮದ್ದು ತೋರಿಸಿಕೊಟ್ಟವರು ಕೆನಡಾ ದೇಶದ ಲೆಸ್ಲಿ ಕೋಲ್ಮನ್. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದವರು, ಮಲೆನಾಡಿನ ತೋಟಗಳಲ್ಲಿ ಓಡಾಡಿ ಅಭ್ಯಾಸ ಮಾಡಿ 1910ರಲ್ಲಿ ಕೊಳೆರೋಗದ ಮೇಲೆ ಒಂದು ಪುಸ್ತಿಕೆಯನ್ನೇ ಹೊರತಂದರು. ಅದಕ್ಕೂ ಮುಂಚೆ ರೈತರು ಗೊನೆಗಳಿಗೆ ಹುಲ್ಲಿನ ಕೊಟ್ಟೆ ಕಟ್ಟಿ ಮಳೆ ತಡೆಯುತ್ತಿದ್ದರು. ಕೋಲ್ಮನ್ ಬಳಕೆಗೆ ತಂದದ್ದು ಬೋರ್ಡೋ ದ್ರಾವಣ.

ಆ ದ್ರಾವಣದ ಕಥೆ ತಮಾಷೆಯಾಗಿದೆ. ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ದಾರಿಹೋಕರು ದ್ರಾಕ್ಷಿ ಕದಿಯಬಾರದೆಂದು ರಸ್ತೆ ಬದಿಯ ಬಳ್ಳಿಗಳಿಗೆ ರೈತರು ಮೈಲುತುತ್ತ ಮತ್ತು ಸುಣ್ಣ ಬೆರೆಸಿದ ನೀಲಿ ನೀರು ಎರಚುತ್ತಿದ್ದರಂತೆ. ಒಳಗಿನ ಬಳ್ಳಿಗಳು ರೋಗದಿಂದ ಸೊರಗಿದರೂ ರಸ್ತೆ ಬದಿಯವು ನಳನಳಿಸುತ್ತಿದ್ದುದನ್ನು ಮಿಲ್ಲಾರ್ಡೆ ಎಂಬ ಪ್ರೊಫೆಸರು ಗಮನಿಸಿದರು, ಪ್ರಯೋಗ ಮಾಡಿ 1885ರಲ್ಲಿ ಪ್ರಕಟಿಸಿದರು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಹದ ಸರಿಯಾಗಿದೆಯೇ ಎಂದು ತಿಳಿಯಲು ಹೊಳೆಯುವ ಚಾಕುವನ್ನು ಅದ್ದಿ ನೋಡುತ್ತಾರೆ. ಚಾಕುವಿನ ಮೇಲೆ ತಾಮ್ರದ ಕೆಂಪು ಕೂತರೆ ಸುಣ್ಣ ಸಾಲದು ಎಂದರ್ಥ. (ಮಕ್ಕಳೇ, ಮೈಲುತುತ್ತ ವಿಷ. ದೊಡ್ಡವರು ಮಾಡುವಾಗ ದೂರ ನಿಂತು ನೋಡಿ.)

ಮದ್ದೇನೋ ಇದೆ, ಹೊಡೆಯಲು ಹೊತ್ತು ಬೇಕಲ್ಲ! ಮುಂಗಾರು ಹಿಡಿಯುವ ಮುಂಚೆ ಒಮ್ಮೆ, ಅದಾಗಿ 40-45 ದಿನಕ್ಕೆ ಇನ್ನೊಮ್ಮೆ ಹೊಡೆಯಬೇಕು. ಎರಡನೆಯ ಸಲಕ್ಕೆ ಮಳೆ ಅರ್ಧ ದಿನವಾದರೂ ಬಿಡುವು ಕೊಡಬೇಕು. ಜಾರುವ ಮರ ಏರುವ ಕೊನೆಗೌಡರು ಊರಿಗೆ ಒಬ್ಬರೋ ಇಬ್ಬರೋ. ಬಿಡುವು ಸಿಕ್ಕ ದಿನ ಎಲ್ಲರ ತೋಟಕ್ಕೂ ಅವರೇ ಬೇಕು. ಈಚೆಗೆ ನೆಲದಲ್ಲೇ ನಿಂತು ಹೊಡೆಯುವ ಕಾರ್ಬನ್ ಫೈಬರ್ ದೋಟಿ ಬಂದಿದೆ. ಜೀವ ಉಳಿಸುವ ವಸ್ತು, ನನ್ನ ಮಟ್ಟಿಗೆ ಈ ಇಪ್ಪತ್ತು ವರ್ಷದಲ್ಲಿ ತೋಟಕ್ಕೆ ಬಂದ ಒಳ್ಳೆಯ ಯಂತ್ರವೆಂದರೆ ಇದೇ.

ಅಡಿಕೆ ಮರವನ್ನೇ ನಂಬಿ ಬದುಕುವ ನಾಜೂಕಿನ ಸಂಸಾರವೂ ತೋಟದಲ್ಲಿದೆ. ವೀಳ್ಯದೆಲೆ, ಕಾಳುಮೆಣಸು, ಏಲಕ್ಕಿ, ಕೋಕೋ. ವೀಳ್ಯದ ಬಳ್ಳಿಗೆ ತಂಪು ನೆರಳು ಬೇಕು, ನೀರು ಬೇಕು, ಆದರೆ ನೀರು ನಿಲ್ಲಬಾರದು. ಬಿಸಿಗಾಳಿ ನಾಲ್ಕು ದಿನ ಬೀಸಿದರೆ ಎಲೆಯ ಅಂಚು ಸುಟ್ಟಂತಾಗುತ್ತದೆ. ಬಸಿಗಾಲುವೆ ಕಟ್ಟಿಕೊಂಡರೆ ಅದೇ ಫೈಟಾಫ್ತೊರ ಕುಲದ ರೋಗ ಬುಡಕ್ಕೆ ಬಂದು ವಾರದಲ್ಲಿ ಬಳ್ಳಿ ಜೋತುಬೀಳುತ್ತದೆ. ಮೆಣಸಿನ ಸೊರಗು ರೋಗದ ಕಥೆಯೂ ಅದೇ. ಅಡಿಕೆ ಮರ ಒಂದು ಮುರಿದು ಬಿದ್ದರೆ ಬಿಸಿಲು ಒಳಗೆ ನುಗ್ಗಿ ಇವೆಲ್ಲ ಒಟ್ಟಿಗೆ ಕಷ್ಟಕ್ಕೆ ಬೀಳುತ್ತವೆ. ಮನೆಯ ಯಜಮಾನ ಹಾಸಿಗೆ ಹಿಡಿದ ಹಾಗೆ.

ಒಂದು ಮಾತು ಹೇಳಿದರೆ ಬಯಲುಸೀಮೆಯ ಓದುಗರು ಬೇಸರಿಸಬಾರದು. ದಾವಣಗೆರೆ, ಚಿತ್ರದುರ್ಗದ ಕಡೆ ಈಗ ಕಣ್ಣು ಹಾಯಿಸಿದಷ್ಟು ದೂರ ಅಡಿಕೆ. ಬೆಲೆ ಇದೆ, ಒಪ್ಪಿದೆ. ಆದರೆ ನೆರಳಿನ ಗುಡ್ಡವಿಲ್ಲದ, ಕೊಳವೆ ಬಾವಿಯನ್ನೇ ನೆಚ್ಚಿದ ನೆಲದಲ್ಲಿ ಈ ಕೂಸನ್ನು ಸಾಕುವುದು ದುಬಾರಿ ಬಡ್ಡಿಯ ಸಾಲ ತೆಗೆದಂತೆ. 2024ರ ಬೇಸಿಗೆಯಲ್ಲಿ ಅಲ್ಲಿನ ರೈತರು ಟ್ಯಾಂಕರ್ ನೀರು ಕೊಂಡು ಬುಡಕ್ಕೆ ಹಾಕಿದರು. ತೋಟ ಹಾಕಿ ಫಸಲು ಕಾಣಲು ಐದಾರು ವರ್ಷ ಕಾಯಬೇಕಾದ ಬೆಳೆ, ಸಾಯಲು ಬಿಟ್ಟು ಕೈಕಟ್ಟಿ ಕೂರುವುದು ಯಾರಿಂದ ಸಾಧ್ಯ?

ಮನೆಯ ಮುಂದೆ ಒಂದೆರಡು ಗಿಡ ಇಟ್ಟುಕೊಂಡವರಿಗೂ ಇದೇ ಲೆಕ್ಕ ಅನ್ವಯಿಸುತ್ತದೆ. ಹಸಿರು ಗರಿಯನ್ನು ಅಂದಕ್ಕೆಂದು ಕಡಿಯಬೇಡಿ, ಅದು ಮರದ ಅಡುಗೆಮನೆ. ಕಾಂಡಕ್ಕೆ ಬೋರ್ಡು ನೇತುಹಾಕಲು ಮೊಳೆ ಹೊಡೆಯಬೇಡಿ. ಬುಡಕ್ಕೆ ತರಗೆಲೆ, ತೆಂಗಿನ ಸಿಪ್ಪೆ ಹೊದಿಸಿದರೆ ತೇವ ಬೇಗ ಆರುವುದಿಲ್ಲ. ನರ್ಸರಿಯ ನೆರಳಲ್ಲಿ ಬೆಳೆದ ಕುಂಡದ ತಾಳೆಯನ್ನು ತಂದ ದಿನವೇ ತಾರಸಿಯ ಬಿಸಿಲಿಗೆ ಇಡದೆ, ಮೊದಲು ಬೆಳಗಿನ ಬಿಸಿಲು ತೋರಿಸಿ ಎರಡು ಮೂರು ವಾರದಲ್ಲಿ ರೂಢಿ ಮಾಡಿಸಿ.

ತೀರ್ಥಹಳ್ಳಿಯ ಸ್ನೇಹಿತರು ಹೋದ ವರ್ಷ ಖಾಲಿ ಬಿದ್ದ ಪಡುವಣ ಜಾಗದಲ್ಲಿ ಹೊಸದಾಗಿ ಅಡಿಕೆ ಹಾಕಲು ಹೊರಟರು. ನಾನೂ ಆಗ ಅಲ್ಲಿಗೆ ಹೋಗಿದ್ದೆ. ಹಗ್ಗ ಹಿಡಿದು ಸಾಲು ಎಳೆಯುವಾಗ ಏಳನೇ ತರಗತಿಯ ಮೊಮ್ಮಗಳು ಶಾಲೆಯ ಜಾಮಿಟ್ರಿ ಬಾಕ್ಸಿನಿಂದ ಕೋನಮಾಪಕ ತಂದು ಮಣ್ಣಿನ ಮೇಲೆ ಇಟ್ಟಳು. "ಅಜ್ಜಾ, ನೀವು ಎಳೆದಿದ್ದು ಇಪ್ಪತ್ತೇ ಡಿಗ್ರಿ. ಇನ್ನೂ ಹದಿನೈದು ಆ ಕಡೆಗೆ ಹೋಗಬೇಕು" ಎಂದಳು. ಗೂಟಗಳನ್ನೆಲ್ಲ ಕಿತ್ತು ಮತ್ತೆ ನೆಟ್ಟೆವು. ಅಡಿಕೆ ಸಸಿ ಮಾತ್ರ ಆ ದಿನ ಇಡಲಿಲ್ಲ. ನೆರಳಿಗೆಂದು ನೈಋತ್ಯದ ಅಂಚಿಗೆ ಮೊದಲು ಎರಡು ಸಾಲು ಬಾಳೆ ಹಾಕಿಸಿದರು.