ಮರೆಯಾಗುವ ಬಣ್ಣ, ಎಚ್ಚರಿಸುವ ಬಣ್ಣ

ಹೊನ್ನಾಳಿ: ಭತ್ತದ ಕೊಯ್ಲು ಮುಗಿದ ಗದ್ದೆಯ ಬದುವಿನಲ್ಲಿ ಸುರುಳಿ ಸುತ್ತಿ ಮಲಗಿದ ಕೊಳಕುಮಂಡಲ ಹಾವನ್ನು ಹತ್ತಿರ ಹೋದರೂ ಗುರುತಿಸುವುದು ಕಷ್ಟ. ಕಂದು ಮೈಮೇಲಿನ ಕಡುಗಂದು ಮಚ್ಚೆಗಳ ಸಾಲು ಒಣಹುಲ್ಲು, ತರಗೆಲೆಗಳ ನೆರಳು ಬೆಳಕಿನೊಂದಿಗೆ ಬೆರೆತು ಹಾವಿನ ಆಕಾರವನ್ನೇ ಮರೆಮಾಚುತ್ತದೆ. ತುಂಗಭದ್ರೆಯ ದಂಡೆಯ ಈ ಭತ್ತದ ಸೀಮೆಯಲ್ಲಿ ಪ್ರಾಣಿಗಳ ಬಣ್ಣದ ಮರ್ಮವನ್ನು ಅರಿಯುವುದು ಕೇವಲ ಕುತೂಹಲದ ವಿಷಯವಲ್ಲ.

ಮರೆಯಾಗುವ ಕಲೆ

ಪರಿಸರದೊಂದಿಗೆ ಬೆರೆಯುವ ಬಣ್ಣ ಬೇಟೆಗಾರನಿಗೂ ಬೇಕು, ಬೇಟೆಯಾಗುವ ಪ್ರಾಣಿಗೂ ಬೇಕು. ಕೊಳಕುಮಂಡಲವು ಇಲಿಗಾಗಿ ಹೊಂಚು ಹಾಕಲು ಇದನ್ನು ಬಳಸಿದರೆ, ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗ ವನ್ಯಧಾಮದ ಕೊಂಡುಕುರಿ ಜೀವ ಉಳಿಸಿಕೊಳ್ಳಲು ಬಳಸುತ್ತದೆ. ನಾಲ್ಕು ಕೊಂಬಿನ ಈ ಪ್ರಾಣಿಯ ರಕ್ಷಣೆಗೆಂದೇ 2011ರಲ್ಲಿ ವನ್ಯಧಾಮವನ್ನು ಘೋಷಿಸಲಾಯಿತು. ಅಪಾಯ ಕಂಡಾಗ ಕೊಂಡುಕುರಿ ಹುಲ್ಲಿನ ನಡುವೆ ಅಲುಗಾಡದೆ ನಿಲ್ಲುತ್ತದೆ. ಅಲುಗಿದರೆ ಬಣ್ಣದ ಮರೆ ಕಳಚಿಬೀಳುತ್ತದೆ. ಕೊಳಕುಮಂಡಲವೂ ಹಾಗೆಯೇ. ಕಾಲ ಸಪ್ಪಳ ಕೇಳಿದರೂ ಅದು ಹಲವು ಬಾರಿ ಜಾಗ ಬಿಟ್ಟು ಕದಲದ ಕಾರಣ ರೈತರು ಅರಿಯದೆ ತುಳಿಯುತ್ತಾರೆ.

ದೂರವಿರಿ ಎಂಬ ಸಂದೇಶ

ರಸ್ತೆ ಬದಿಯ ಎಕ್ಕದ ಗಿಡದಲ್ಲಿ ಕಾಣುವ ಹಳದಿ, ನೀಲಿ ಪಟ್ಟೆಗಳ ಮಿಡತೆಯ ರೀತಿ ಇದಕ್ಕೆ ತದ್ವಿರುದ್ಧ. ಅದು ಅಡಗುವುದಿಲ್ಲ. ಎಕ್ಕದ ವಿಷವನ್ನು ಅದು ಮೈಯಲ್ಲಿ ಸಂಗ್ರಹಿಸಿಕೊಂಡಿರುತ್ತದೆ. ಒಮ್ಮೆ ಕಚ್ಚಿ ಕಹಿಯುಂಡ ಹಕ್ಕಿ ಆ ಬಣ್ಣವನ್ನು ಮತ್ತೆ ಮುಟ್ಟಲು ಹಿಂಜರಿಯುತ್ತದೆ.

ವೇಷ ಹಾಕುವ ಹಾವು

ಮೂರನೆಯ ಬಗೆ ಅನುಕರಣೆ. ವುಲ್ಫ್ ಸ್ನೇಕ್ ಎಂಬ ವಿಷರಹಿತ ಹಾವು ಮಾರಕ ವಿಷದ ಕಟ್ಟುಹಾವಿನಂತೆಯೇ ಬಿಳಿ ಪಟ್ಟೆಗಳನ್ನು ಹೊಂದಿದೆ. ಸಾಮಾನ್ಯವಾಗಿ ವುಲ್ಫ್ ಸ್ನೇಕ್‌ನ ಪಟ್ಟೆಗಳು ತಲೆಯ ಕಡೆ ಸ್ಪಷ್ಟವಾಗಿದ್ದು ಬಾಲದತ್ತ ಮಾಸುತ್ತವೆ. ಕಟ್ಟುಹಾವಿನಲ್ಲಿ ಇದು ತಿರುಗುಮುರುಗು. ಎರಡೂ ರಾತ್ರಿ ಸಂಚರಿಸುವ ಹಾವುಗಳಾದ್ದರಿಂದ ಕತ್ತಲೆಯಲ್ಲಿ ಈ ವ್ಯತ್ಯಾಸವನ್ನು ನಂಬಿ ಕೈ ಹಾಕುವುದು ಪ್ರಾಣಾಪಾಯ.

ದೇಶದಲ್ಲಿ ಹಾವು ಕಡಿತದಿಂದ ವರ್ಷಕ್ಕೆ ಸರಾಸರಿ 58 ಸಾವಿರ ಜನ ಸಾಯುತ್ತಾರೆ ಎಂದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜಿಸಿದೆ. ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತ ಪ್ರಕರಣಗಳನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕೆಂದು ಆದೇಶಿಸಿತು. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕರ ವಿಷಕ್ಕೂ ಒಂದೇ ಪ್ರತಿವಿಷ ಬಳಕೆಯಲ್ಲಿದೆ. ಆದ್ದರಿಂದ ಕಚ್ಚಿದ ಹಾವನ್ನು ಹುಡುಕುತ್ತಾ, ಬಣ್ಣ ನೋಡುತ್ತಾ ಕಾಲಹರಣ ಮಾಡದೆ ಕೂಡಲೇ ಆಸ್ಪತ್ರೆಗೆ ಧಾವಿಸಬೇಕು. ರಾತ್ರಿ ನೀರು ಕಟ್ಟಲು ಹೊರಡುವವರಿಗೆ ಬೂಟು, ಬ್ಯಾಟರಿ ಜೊತೆಗಿರುವುದು ಲೇಸು.