ನಕ್ಷತ್ರಗಳ ತಕ್ಕಡಿ

ಚಲನಚಿತ್ರವೊಂದನ್ನು ನೋಡಿ ಬಂದವರು ಇಂದು ಮೊದಲು ಹೇಳುವುದು ಅದರ ಅಂಕವನ್ನು. ಐದಕ್ಕೆ ಮೂರು, ಐದಕ್ಕೆ ನಾಲ್ಕು ಎಂಬ ನಕ್ಷತ್ರಗಳೊಡನೆ ಮಾತು ಮುಗಿದುಹೋಗುತ್ತದೆ. ಉತ್ತರಪತ್ರಿಕೆಗಳಿಗೆ ಅಂಕವೀಯುವುದೇ ವೃತ್ತಿಯಾದ ನನಗೂ ಈ ಪದ್ಧತಿಯಲ್ಲಿ ಪೂರ್ಣ ವಿಶ್ವಾಸವಿಲ್ಲ.

ಈಚೆಗೆ ಎರಡು ಕನ್ನಡ ಚಿತ್ರಗಳನ್ನು ಒಂದಾದ ಮೇಲೊಂದರಂತೆ ನೋಡಿದೆ. 1977ರ ‘ಘಟಶ್ರಾದ್ಧ’ ಯು. ಆರ್. ಅನಂತಮೂರ್ತಿಯವರ ಕಥೆಯನ್ನಾಧರಿಸಿ ಗಿರೀಶ ಕಾಸರವಳ್ಳಿಯವರು ನಿರ್ದೇಶಿಸಿದ್ದು. 2015ರ ‘ತಿಥಿ’ ರಾಮ್ ರೆಡ್ಡಿಯವರದು. ಎರಡರ ಹೆಸರೂ ಉತ್ತರಕ್ರಿಯೆಗೆ ಸಂಬಂಧಿಸಿದ್ದೇ. ಮೊದಲನೆಯದರಲ್ಲಿ ಬದುಕಿರುವ ವಿಧವೆ ಯಮುನಕ್ಕನಿಗೆ ಹೆತ್ತ ತಂದೆಯೇ ಶ್ರಾದ್ಧ ಮಾಡುತ್ತಾನೆ. ಆ ಕ್ರೌರ್ಯವನ್ನು ನಾವು ನಾಣಿಯೆಂಬ ಬಾಲಕನ ಕಣ್ಣಿನಿಂದ ಕಾಣುತ್ತೇವೆ. ಎರಡನೆಯದರಲ್ಲಿ 101 ವರ್ಷದ ಸೆಂಚುರಿ ಗೌಡ ಸತ್ತರೂ ಮಗ ಗಡ್ಡಪ್ಪ ವಿಚಲಿತನಾಗುವುದಿಲ್ಲ. ಮಂಡ್ಯ ಸೀಮೆಯ ಹಳ್ಳಿಗರೇ ನಟರಾಗಿ ತಮ್ಮ ಆಡುಮಾತಿನಲ್ಲೇ ನಗಿಸುತ್ತಾರೆ.

ಇವೆರಡಕ್ಕೂ ನಾನು ನಾಲ್ಕು ನಕ್ಷತ್ರ ಕೊಟ್ಟೆನೆನ್ನಿ. ಒಂದು ಗಂಟಲನ್ನು ಬಿಗಿಯಿತು, ಇನ್ನೊಂದು ಸಾವಿನ ಮನೆಯಲ್ಲೂ ನಗು ತರಿಸಿತು ಎಂಬ ಭೇದ ಆ ನಾಲ್ಕರಲ್ಲಿ ಎಲ್ಲಿದೆ? ‘ಘಟಶ್ರಾದ್ಧ’ದ ನಿಧಾನಗತಿ ನನ್ನ ವಿದ್ಯಾರ್ಥಿಯೊಬ್ಬನಿಗೆ ದೋಷ; ನನಗೋ, ಬಾಲಕನ ಭಯ ಬೆಳೆಯಲು ಬೇಕಾದ ಅವಕಾಶ. ಅವನು ಎರಡೆಂದು ನಾನು ನಾಲ್ಕೆಂದರೆ ಚರ್ಚೆಗೆ ಎಡೆಯೇ ಇಲ್ಲ. ಕಾರಣ ಹೇಳಿದೆವೋ, ಇಬ್ಬರೂ ಚಿತ್ರವನ್ನು ಮತ್ತೊಮ್ಮೆ ನೋಡಬೇಕಾಗುತ್ತದೆ.

ಟಿಕೆಟ್ಟಿಗೆ ಹಣ ತೆರುವವನಿಗೆ ಅಂಕ ಉಪಯುಕ್ತವೇ ಸರಿ. ಆದರೆ ನಮ್ಮ ಕಾವ್ಯಮೀಮಾಂಸಕರು ಸಹೃದಯನೆಂದು ಕರೆದದ್ದು ಕೃತಿಯೊಡನೆ ಹೃದಯ ಬೆರೆಸಬಲ್ಲವನನ್ನು. ಅಂಕ ಕೊಡುವವರು ಕೊಡಲಿ. ಅದರ ಪಕ್ಕದಲ್ಲಿ ‘ಏಕೆಂದರೆ’ ಎಂದೂ ಬರೆಯಲಿ. ವಿಮರ್ಶೆ ಹುಟ್ಟುವುದು ಆ ಒಂದು ಮಾತಿನಿಂದ.