ಹೆಸರು ಬೀಳುವಾಗ ಬೀಳದ ಹೆಸರು

"ಬೇಗ ಬಾರೋ, ಹೆಸರು ಬೀಳ್ತಾ ಇದೆ!" ಅಂತ ಒಳಗಿನಿಂದ ಯಾರಾದರೂ ಕೂಗಿದರೂ ನಾವು ಅವಸರ ಮಾಡುತ್ತಿರಲಿಲ್ಲ. ಹೆಸರು ಬೀಳುತ್ತಿದೆ ಎಂದರೆ ಸಿನಿಮಾ ಇನ್ನೂ ಶುರುವಾಗಿಲ್ಲ ಎಂದೇ ಅರ್ಥ. ಕಡಲೆಕಾಯಿ ಪೊಟ್ಟಣ ಕಟ್ಟಿಸಿಕೊಂಡು, ಕತ್ತಲಲ್ಲಿ ನಾಲ್ಕಾರು ಜನರ ಕಾಲು ತುಳಿದು, ಬೈಸಿಕೊಂಡು ಕೂರುವುದಕ್ಕೆ ಅದು ಸರಿಯಾದ ಹೊತ್ತು.

ಆ ಚಾಳಿ ಇವತ್ತಿಗೂ ಹೋಗಿಲ್ಲ. ಮೊನ್ನೆ ರಾತ್ರಿ ಹಿಚ್‌ಕಾಕ್‌ನ 'ವರ್ಟಿಗೋ' ಹಾಕಿಕೊಂಡು ಕೂತಾಗಲೂ ಬೆರಳು ಮುಂದಕ್ಕೋಡಿಸುವ ಗುಂಡಿಯ ಮೇಲೇ ಇತ್ತು. ಒತ್ತಲಾಗಲಿಲ್ಲ.

ಪರದೆ ತುಂಬಾ ಒಬ್ಬ ಹೆಂಗಸಿನ ಮುಖ. ಇಡೀ ಮುಖವಲ್ಲ, ಬರೀ ತುಟಿ. ಅದರ ಮೇಲೆ ಜೇಮ್ಸ್ ಸ್ಟೀವರ್ಟ್‌ನ ಹೆಸರು. ಕ್ಯಾಮೆರಾ ಮೇಲಕ್ಕೆ ಸರಿಯುತ್ತದೆ. ಎರಡು ಕಣ್ಣು ಅತ್ತಿತ್ತ ಹೊರಳುತ್ತವೆ, ಯಾರೋ ಹಿಂದೆ ಬಿದ್ದಿದ್ದಾರೇನೋ ಎಂಬಂತೆ. ಆಮೇಲೆ ಒಂದೇ ಕಣ್ಣು. ಥಟ್ಟನೆ ಪರದೆಯೆಲ್ಲ ಕೆಂಪು. ಕಣ್ಣು ಅರಳುತ್ತದೆ, ಆ ಪಾಪೆಯ ಆಳದಿಂದ ಸಿನಿಮಾದ ಹೆಸರು ಎದ್ದು ನಮ್ಮ ಮುಖಕ್ಕೇ ಬರುತ್ತದೆ. ಅದರ ಹಿಂದೆಯೇ ಒಂದು ಸುರುಳಿ! ಬಣ್ಣ ಬದಲಿಸುತ್ತಾ, ಬಳ್ಳಿಯಂತೆ ಹೆಣೆದುಕೊಳ್ಳುತ್ತಾ, ಬರ್ನಾರ್ಡ್ ಹರ್ಮನ್‌ನ ಸಂಗೀತದ ಜೊತೆ ತಿರುಗುತ್ತಾ ತಿರುಗುತ್ತಾ, ನೋಡುವವನನ್ನು ಒಳಕ್ಕೆ ಎಳೆದುಕೊಳ್ಳುವ ಸುರುಳಿ.

ಅರೆ, ಇದನ್ನು ನಾನು ಎಲ್ಲೋ ನೋಡಿದ್ದೇನಲ್ಲ!

ನೆನಪಾಯಿತು. ಡಿಪ್ಲೊಮಾ ಓದುವಾಗ ಲ್ಯಾಬಿನಲ್ಲಿ ಸಿಆರ್‌ಒ ಇರುತ್ತಿತ್ತು, ಅಂಗೈಯಗಲದ ಹಸಿರು ಪರದೆಯ ಆಸಿಲೋಸ್ಕೋಪು. ಅಡ್ಡಕ್ಕೆ ಒಂದು ತರಂಗ, ಉದ್ದಕ್ಕೆ ಒಂದು ತರಂಗ ಕೊಟ್ಟರೆ ಬೆಳಕಿನ ಚುಕ್ಕಿ ಎರಡರ ಮಾತನ್ನೂ ಕೇಳುತ್ತಾ ಓಡುತ್ತದೆ. ಎರಡೂ ಒಂದೇ ವೇಗದವಾದರೆ ಗೆರೆಯೋ, ವೃತ್ತವೋ ಮೂಡುತ್ತದೆ. ಒಂದರ ವೇಗ ಇನ್ನೊಂದರ ಎರಡರಷ್ಟಾದರೆ ಎಂಟರ ಆಕಾರ. ಗುಂಡಿಯನ್ನು ಇನ್ನಷ್ಟು ತಿರುಗಿಸಿದರೆ ಸಿಕ್ಕಿಲ್ಲದ ಹೆಣಿಗೆ. ರೆಕಾರ್ಡ್ ಪುಸ್ತಕದಲ್ಲಿ ಅದಕ್ಕೆ 'ಲಿಸಾಜು ಆಕೃತಿ' ಎಂದು ಬರೆದು, ಸಹಿ ಹಾಕಿಸಿಕೊಂಡು ಮರೆತಿದ್ದೆ. 1850ರ ದಶಕದಲ್ಲಿ ಜೂಲ್ ಆಂಟ್ವಾನ್ ಲಿಸಾಜು ಎಂಬ ಫ್ರಾನ್ಸಿನ ವಿಜ್ಞಾನಿ ಶ್ರುತಿಕವೆಗಳಿಗೆ ಪುಟ್ಟ ಕನ್ನಡಿ ಅಂಟಿಸಿ, ಬೆಳಕು ಬಿಟ್ಟು, ನಾದದ ಕಂಪನವನ್ನು ಕಣ್ಣಿಗೆ ತೋರಿಸಿದ್ದ. ಆ ನಾದದ ಚಿತ್ರದ ಬಂಧುವೇ ಇಲ್ಲಿ ಹೆಣ್ಣಿನ ಕಣ್ಣೊಳಗೆ ಸುತ್ತುತ್ತಿದೆ!

ಆದರೆ ಇದು 1958ರ ಸಿನಿಮಾ. ಕಂಪ್ಯೂಟರ್ ಪರದೆಯ ಮೇಲೆ ಚಿತ್ರ ಬಿಡಿಸುವ ಕಾಲವಲ್ಲ. ಹಾಗಾದರೆ ಇದನ್ನು ಬಿಡಿಸಿದ್ದು ಯಾವುದು?

ವಿಮಾನ ಹೊಡೆದುರುಳಿಸುವ ಯಂತ್ರ! ಈ ಉತ್ತರ ಓದಿದ ಮೇಲೆ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಹಾರುವ ವಿಮಾನಕ್ಕೆ ಗುರಿಯಿಡುವುದು ಮಾವಿನಕಾಯಿಗೆ ಕಲ್ಲು ಹೊಡೆದಂತಲ್ಲ. ಗುಂಡು ತಲುಪುವಷ್ಟರಲ್ಲಿ ವಿಮಾನ ಅಲ್ಲಿರುವುದಿಲ್ಲ. ಅದು ಮುಂದೆ ಎಲ್ಲಿರುತ್ತದೆಂದು ಲೆಕ್ಕ ಹಾಕಿ ಅಲ್ಲಿಗೇ ಹೊಡೆಯಬೇಕು. ಎರಡನೇ ಮಹಾಯುದ್ಧದಲ್ಲಿ ಆ ಲೆಕ್ಕ ಹಾಕುತ್ತಿದ್ದುದು ಅಮೆರಿಕದ ಸೇನೆಯ ಎಂ-5 ಗನ್ ಡೈರೆಕ್ಟರ್. ಹಲ್ಲುಚಕ್ರಗಳೇ ಕೂಡಿ ಕಳೆಯುವ ಅನಲಾಗ್ ಕಂಪ್ಯೂಟರ್ ಅದು. ಯುದ್ಧ ಮುಗಿದ ಮೇಲೆ ಸೇನೆ ಬೇಡವೆಂದು ಮಾರಿದ ಇಂಥ ಯಂತ್ರವೊಂದು ಕ್ಯಾಲಿಫೋರ್ನಿಯಾದ ಜಾನ್ ವಿಟ್ನಿಯ ಕೈಗೆ ಬಂತು. ಲೋಲಕ ತೂಗಾಡಿಸಿ ಫಿಲ್ಮಿನ ಮೇಲೆ ಶಬ್ದವನ್ನೇ ಬರೆದಿದ್ದ ಆಸಾಮಿ ಆತ. ತಿರುಗುವ ಯಂತ್ರದ ಮೇಲೆ ಹಾಳೆ, ಮೇಲಿನಿಂದ ತೂಗುವ ಲೋಲಕ, ಅದರ ತುದಿಯಿಂದ ಇಳಿಯುವ ಬಣ್ಣ. ಕೆಳಗಿನದು ಸುತ್ತುತ್ತದೆ, ಮೇಲಿನದು ತೂಗುತ್ತದೆ, ನಡುವೆ ಸುರುಳಿ ಹುಟ್ಟುತ್ತದೆ. ತೂತು ಡಬ್ಬಿಗೆ ಮರಳು ತುಂಬಿ, ದಾರ ಕಟ್ಟಿ ಆಡಿಸಿದ ಮಕ್ಕಳಿಗೆ ಈ ಗುಟ್ಟು ಅರ್ಧ ಗೊತ್ತು. ಸಿನಿಮಾದಲ್ಲಿ ಕಂಪ್ಯೂಟರ್ ಗ್ರಾಫಿಕ್ಸ್‌ನ ಕಥೆ ಹೇಳುವವರು ಎಷ್ಟೋ ಜನ ಇಲ್ಲಿಂದಲೇ ಶುರುಮಾಡುತ್ತಾರೆ.

ವಿಟ್ನಿಯನ್ನು 'ವರ್ಟಿಗೋ'ಗೆ ಕರೆತಂದವನು ಅದರ ಟೈಟಲ್ ವಿನ್ಯಾಸ ಮಾಡಿದ ಸಾಲ್ ಬಾಸ್. ಮೂಲತಃ ಪೋಸ್ಟರ್ ಕಲಾವಿದ. ಅವನಿಗಿಂತ ಮುಂಚೆ ಅಮೆರಿಕದ ಥಿಯೇಟರುಗಳಲ್ಲೂ ನಮ್ಮ ಕಡಲೆಕಾಯಿ ಕಥೆಯೇ. ಎಷ್ಟೋ ಕಡೆ ಹೆಸರುಗಳನ್ನು ಮುಚ್ಚಿದ ಪರದೆಯ ಮೇಲೆಯೇ ಬಿಟ್ಟು, ಅವು ಮುಗಿದ ಮೇಲೆ ಪರದೆ ಸರಿಸುತ್ತಿದ್ದರು. 1955ರಲ್ಲಿ 'ದಿ ಮ್ಯಾನ್ ವಿತ್ ದ ಗೋಲ್ಡನ್ ಆರ್ಮ್' ಚಿತ್ರಕ್ಕೆ ಬಾಸ್ ಕಪ್ಪು ಹಿನ್ನೆಲೆಯಲ್ಲಿ ಬಿಳಿ ಪಟ್ಟಿಗಳನ್ನು ಕುಣಿಸಿ, ಕೊನೆಗೆ ಅವನ್ನು ಸೊಟ್ಟಗಾದ ಒಂದು ಕೈ ಮಾಡಿದ. ಮಾದಕ ವ್ಯಸನಿಯೊಬ್ಬನ ಕಥೆ ಆ ಒಂದು ಕೈಯಲ್ಲೇ ಶುರುವಾಗಿತ್ತು. ಹೆಸರು ಶುರುವಾಗುವ ಮೊದಲೇ ಪರದೆ ಸರಿಸಿ ಎಂದು ಪ್ರೊಜೆಕ್ಟರ್ ನಡೆಸುವವರಿಗೆ ರೀಲಿನ ಡಬ್ಬಿಯ ಮೇಲೆಯೇ ಸೂಚನೆ ಅಂಟಿಸಿ ಕಳಿಸಿದರಂತೆ! ಮೂರು ವರ್ಷದ ನಂತರ 'ವರ್ಟಿಗೋ'. ಎತ್ತರ ಕಂಡರೆ ತಲೆಸುತ್ತುವ ಪತ್ತೇದಾರ, ಅವನು ಬಿಡಲಾರದೆ ಹಿಂಬಾಲಿಸುವ ಹೆಣ್ಣು, ಅವಳ ಸುರುಳಿ ಸುತ್ತಿದ ತುರುಬು, ಗಂಟೆಗೋಪುರದ ಸುತ್ತುಮೆಟ್ಟಿಲು. ಮುಂದಿನ ಎರಡು ಗಂಟೆಯ ಕಥೆಯನ್ನು ಆ ಮೂರು ನಿಮಿಷ ಮೊದಲೇ ಹೇಳಿಬಿಟ್ಟಿದೆ, ನಮಗೆ ತಿಳಿಯದಂತೆ.

ಅದೇ ಗುಂಗಿನಲ್ಲಿ ಮತ್ತೆ ಹಿಂದಕ್ಕೋಡಿಸಿ ನೋಡಿದೆ. ಈ ಬಾರಿ ಬರೀ ಹೆಸರುಗಳನ್ನು ಓದಿದೆ. ನಟರು, ಸಂಗೀತ, ಸಂಕಲನ, ಟೈಟಲ್ ವಿನ್ಯಾಸ ಎಂದು ಸಾಲ್ ಬಾಸ್, ಕೊನೆಗೆ ಅದೇ ಕೆಂಪು ಕಣ್ಣಿನಿಂದ ಆಲ್ಫ್ರೆಡ್ ಹಿಚ್‌ಕಾಕ್. ಸುರುಳಿ ತಿರುಗಿಸಿದ ಜಾನ್ ವಿಟ್ನಿಯ ಹೆಸರು ಮಾತ್ರ ಎಲ್ಲೂ ಬೀಳುವುದಿಲ್ಲ.